ಎಡಗೈಗೊಂದು ಜೇಬು

ಧಾರವಾಡದ ಸುಭಾಷ ರಸ್ತೆಯಿಂದ ಒಳಗೆ ಹೊರಳುವ ಓಣಿಯೊಂದರಲ್ಲಿ, ಪಾತ್ರೆ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರೆ ಒಂದು ಹೊಲಿಗೆ ಅಂಗಡಿ ಸಿಗುತ್ತದೆ. ಎರಡು ಯಂತ್ರ, ಬಟ್ಟೆ ಕತ್ತರಿಸುವ ಒಂದು ಉದ್ದನೆಯ ಮೇಜು, ಗಿರಾಕಿಗಳಿಗೆ ಒಂದು ಬೆಂಚು. ನಡೆಸುವವರು ಅರವತ್ತು ದಾಟಿದ ಒಬ್ಬ ಕಾಕಾ. ಕೈಯಲ್ಲಿರುವ ಕೆಲಸವೇ ಮುಗಿಯುತ್ತಿಲ್ಲ, ಹೆಸರು ಮಾತ್ರ ಬರೆಯಬೇಡಿ ಎಂದು ಅವರು ಕೇಳಿಕೊಂಡಿದ್ದಾರೆ, ಆದ್ದರಿಂದ ಬರೆಯುತ್ತಿಲ್ಲ. ಒಂಬತ್ತು ತಿಂಗಳಲ್ಲಿ ಅವರಿಂದ ಐದು ಬಟ್ಟೆ ಹೊಲಿಸಿದ್ದೇನೆ. ಹಾಕಿ, ಒಗೆದು, ಮತ್ತೆ ಹಾಕಿ ನೋಡಿದ ಮೇಲೆ ಬರೆಯುತ್ತಿದ್ದೇನೆ.

ಮೊದಲು ನನ್ನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಈ ಅಂಗಡಿಯನ್ನು ನಾನು ಏಕೆ ಇಷ್ಟು ಹೊಗಳುತ್ತೇನೆಂಬುದು ತಿಳಿಯುವುದಿಲ್ಲ. ನನಗೆ ಐವತ್ತೊಂದು ವರ್ಷ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಉಡು ಎಂದದ್ದನ್ನು ಉಟ್ಟು, ಬಡಿಸಿದ್ದನ್ನು ಉಂಡು ಬೆಳೆದ ಮನೆ ನಮ್ಮದು. ನಾನು ಹುಟ್ಟಾ ಎಡಚಿ. ಎರಡನೆಯ ಇಯತ್ತೆಯಲ್ಲಿ ಮಾಸ್ತರರು ಬಳಪವನ್ನು ಎಡಗೈಯಿಂದ ಕಿತ್ತು ಬಲಗೈಗೆ ಕೊಟ್ಟರು. ಅಂದಿನಿಂದ ಬರೆಯುವುದು ಬಲಗೈಯಲ್ಲಿ. ಬೀಗ ತೆಗೆಯುವುದು, ಕಾಯಿಪಲ್ಲೆ ಹೆಚ್ಚುವುದು, ಬಸ್ಸಿನ ಕಂಬಿ ಹಿಡಿಯುವುದು ಇಂದಿಗೂ ಎಡಗೈಯಲ್ಲಿ. ಇದನ್ನು ಯಾರಿಗೂ ವಿಶೇಷವಾಗಿ ಹೇಳಿದವಳಲ್ಲ. ನನ್ನ ಬಾಯಲ್ಲಿ ಸದಾ ಇದ್ದ ಮಾತು ಒಂದೇ: "ಪರವಾಗಿಲ್ಲ, ನಡೆಯುತ್ತದೆ."

ಈ ಮಾತು ಹೆಚ್ಚು ಖರ್ಚಾದದ್ದು ಟೇಲರ್‌ಗಳ ಮುಂದೆ. ತೋಳು ಬಿಗಿಯಾದರೂ ಪರವಾಗಿಲ್ಲ, ಕೊರಳು ಇಳಿದರೂ ಪರವಾಗಿಲ್ಲ. ಹಿಂದೆ ನಾನು ಹೋಗುತ್ತಿದ್ದ ಒಂದು ಕಡೆ, ಭುಜ ಜಾರುತ್ತದೆ ಎಂದು ಒಮ್ಮೆ ಧೈರ್ಯ ಮಾಡಿ ಹೇಳಿದಾಗ, "ನಿಮ್ಮ ಭುಜವೇ ಹಾಗಿದೆ" ಎಂಬ ಉತ್ತರ ಬಂತು. ದುಡ್ಡು ಕೊಟ್ಟು ಬಂದೆ. ಹೀಗೆ ಒಮ್ಮೆ ಹಾಕಿ ಕಪಾಟು ಸೇರಿದ ಜಂಪರುಗಳು ಹನ್ನೊಂದು. ಮೂರು ವರ್ಷದ ಹಿಂದೆ ಬಲಭುಜ ಹಿಡಿದುಕೊಂಡ ಮೇಲೆ ಕೈ ಹಿಂದಕ್ಕೆ ಹೋಗುವುದೇ ಕಷ್ಟವಾಯಿತು. ಆಗ ಕುರ್ತಾ ಹಾಕಬೇಕು, ಅದಕ್ಕೆ ಮುಂದೆ ಗುಂಡಿ ಇರಬೇಕು, ಜೇಬು ಇರಬೇಕು ಎಂದು ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತುಬಿಟ್ಟಿತು.

ಬಟ್ಟೆ ಖಣದ್ದೇ ಆಗಬೇಕೆಂಬುದೂ ನನ್ನ ಹಟ. ನಮ್ಮ ಕಡೆ ಉಡಿ ತುಂಬುವಾಗ ಖಣ ಕೊಡುತ್ತಾರೆ, ಹಾಗಾಗಿ ಮನೆಯಲ್ಲಿ ಖಣಕ್ಕೆ ಬರವಿಲ್ಲ. ಆದರೆ ಅವೆಲ್ಲ ಬೇರೆಯವರು ಆರಿಸಿದ ಬಣ್ಣಗಳು. ಕಳೆದ ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋದಾಗ, ಹಾಗೆಯೇ ಗುಳೇದಗುಡ್ಡಕ್ಕೆ ಹೋಗಿ ನಾನೇ ಆರಿಸಿ ತಂದೆ: ಮಸಿಯಂಥ ನೀಲಿ ಮೈ, ಮೈತುಂಬ ಸಾಸಿವೆಕಾಳಿನಷ್ಟು ಸಣ್ಣ ಬುಟ್ಟಿಯ ಚಿತ್ತಾರ, ಎರಡೂ ಬದಿಗೆ ಕೆಂಪು ಅಂಚು. ನೇಯ್ಗೆಯ ಸೊಗಸು ನೋಡಬೇಕಾದರೆ ಖಣವನ್ನು ಬಿಸಿಲಿಗೆ ಓರೆಯಾಗಿ ಹಿಡಿಯಬೇಕು. ನೀಲಿಯೊಳಗಿಂದ ಇನ್ನೊಂದು ಬಣ್ಣ ಎದ್ದು ಬರುತ್ತದೆ.

ಖಣ ಮೊದಲಿನಿಂದಲೂ ಕುಪ್ಪಸಕ್ಕೆಂದೇ ನೇಯುವ ಬಟ್ಟೆ. ಪನ್ನ, ಅಂದರೆ ಬಟ್ಟೆಯ ಅಗಲ, ಕಡಿಮೆ. ಕುರ್ತಾ ಮಾಡಬೇಕೆಂದರೆ ಜೋಡಣೆ ಮಾಡಲೇಬೇಕು, ಜೋಡಿಸಿದ ಕಡೆ ಬುಟ್ಟಿ ಸಾಲು ತಪ್ಪಬಾರದು. ಇದಕ್ಕೆ ಹೆದರಿ ಇಬ್ಬರು ಟೇಲರ್‌ಗಳು ಆಗುವುದಿಲ್ಲ ಎಂದಿದ್ದರು. ಕಾಕಾ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಅಂಗೈಯಿಂದ ನೇವರಿಸಿ, "ಅಸ್ತರಿನ ಬಟ್ಟೆಯನ್ನು ರಾತ್ರಿ ನೀರಲ್ಲಿ ನೆನೆಹಾಕಿ ಒಣಗಿಸಿ ತನ್ನಿ ಅಕ್ಕಾವರೇ, ಇಲ್ಲದಿದ್ದರೆ ಒಗೆದಾಗ ಅದು ಕುಗ್ಗಿ ಖಣವನ್ನು ಎಳೆಯುತ್ತದೆ" ಎಂದರು. ಆಮೇಲೆ ಕೇಳಿದರು: "ಜೇಬು ಅಂದಿರಲ್ಲ, ಅದರಲ್ಲಿ ಏನೇನು ಇಡುತ್ತೀರಿ?"

ನಾನು ಬಾಯಲ್ಲಿ ಹೇಳಹೊರಟೆ. "ಹೇಳಬೇಡಿ, ಇಲ್ಲಿ ಇಡಿ" ಎಂದರು. ಚೀಲದಿಂದ ಒಂದೊಂದೇ ತೆಗೆದು ಮೇಜಿನ ಮೇಲಿಟ್ಟೆ. ಮೊಬೈಲ್, ಮನೆಯ ಕೀಲಿಗೊಂಚಲು, ಕನ್ನಡಕದ ಡಬ್ಬಿ, ಅರ್ಧ ಸವೆದ ಎರಡು ಸೀಮೆಸುಣ್ಣ. ಅವರು ಮೊಬೈಲನ್ನು ನಿಲ್ಲಿಸಿ ಅಳೆದರು, ಮೇಲೆ ಎರಡು ಬೆರಳು ಬಿಟ್ಟು ಗೆರೆ ಹಾಕಿದರು. ಕೀಲಿಗಳನ್ನು ಕೈಯಲ್ಲಿ ತೂಗಿ ನೋಡಿ, "ಈ ಭಾರಕ್ಕೆ ಖಣ ಹರಿಯುತ್ತದೆ, ಒಳಚೀಲಕ್ಕೆ ಮಾಂಜರಪಾಟಿನ ಒರಟು ಹತ್ತಿಬಟ್ಟೆ ಹಾಕುತ್ತೇನೆ" ಎಂದರು. ಆಮೇಲೆ ಟೇಪನ್ನು ನನ್ನ ಮುಷ್ಟಿಯ ಸುತ್ತ ಹಿಡಿಯುವ ಮೊದಲು ಕೇಳಿದರು: "ಯಾವ ಕೈ ಮೊದಲು ಜೇಬಿಗೆ ಹೋಗುತ್ತದೆ?"

ಐವತ್ತೊಂದು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. "ಎಡಗೈ" ಎಂದೆ. ನನಗೇ ಕೇಳಿಸದಷ್ಟು ಸಣ್ಣ ದನಿಯಲ್ಲಿ ಹೇಳಿದೆನೇನೋ, ಅವರು ಮತ್ತೊಮ್ಮೆ ಕೇಳಿದರು. "ನಾನು ಎಡಚಿ ಕಾಕಾ." ಅವರು ತಲೆಯೆತ್ತದೆ ಎಡಬದಿಗೆ ಸುಣ್ಣದ ಗುರುತು ಹಾಕಿದರು, "ಹಾಗಾದರೆ ಗುಂಡಿಯ ಪಟ್ಟಿಯನ್ನೂ ಎಡಗೈಗೆ ಹೊಂದುವ ಹಾಗೆ ಇಡುತ್ತೇನೆ, ಹಾಕಿಕೊಳ್ಳಲು ಹಗುರಾಗುತ್ತದೆ" ಎಂದು ಮುಂದಿನ ಅಳತೆಗೆ ಹೋದರು. ಮೆಟ್ಟಿಲಿಳಿಯುವಾಗ ನನ್ನ ಕಣ್ಣು ತುಂಬಿದ್ದವು.

ಎಂಟು ದಿನ ಎಂದದ್ದು ಇಪ್ಪತ್ತೆರಡು ದಿನವಾಯಿತು. ಇದು ಈ ಅಂಗಡಿಯ ದೊಡ್ಡ ದೋಷ, ಮುಚ್ಚಿಡುವುದಿಲ್ಲ. ಮದುವೆ, ಗೃಹಪ್ರವೇಶ ಎಂದು ತಾರೀಕು ಹಿಡಿದು ಕೊಡುವವರು ಇಲ್ಲಿಗೆ ಬರಬೇಡಿ.

ಹಾಕಿ ನೋಡಲು ಹಿಂಬದಿಗೆ ಒಂದು ಪರದೆ, ಮುಖದಷ್ಟೇ ಅಗಲದ ಕನ್ನಡಿ. ಕುರ್ತಾ ಮೈಗೆ ಚೆನ್ನಾಗಿ ಕೂತಿತ್ತು. ಬಲಗೈ ಎತ್ತಿದೆ. ಇಡೀ ಅಂಗಿ ಕೈಯ ಜೊತೆಗೆ ಮೇಲೆದ್ದಿತು. ದಿನಕ್ಕೆ ಐದು ತಾಸು ಕರಿಹಲಗೆಯ ಮೇಲೆ ಬರೆಯುವವಳಿಗೆ ಇದು ಆಗುವ ಮಾತಲ್ಲ. ಆದರೂ ಪರದೆ ಸರಿಸಿ ಹೊರಗೆ ಬರುವಷ್ಟರಲ್ಲಿ ಆ ಹಳೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಇಷ್ಟು ಮುದುಕರು, ಇಷ್ಟು ಪ್ರೀತಿಯಿಂದ ಹೊಲಿದಿದ್ದಾರೆ, ಹೇಗೆ ಹೇಳಲಿ? ಒಂದು ಗಳಿಗೆ ನಿಂತೆ. ನಿಂತು, "ಕಾಕಾ, ಇದು ನನಗೆ ಸರಿಯಾಗಿಲ್ಲ. ಕೈ ಎತ್ತಲು ಬರುವುದಿಲ್ಲ. ಬಿಚ್ಚಿ ಸರಿ ಮಾಡಿಕೊಡಿ" ಎಂದೆ. ಎದೆ ಹೊಡೆದುಕೊಳ್ಳುತ್ತಿತ್ತು.

ಅವರಿಗೆ ಬೇಸರವಾಗಲಿಲ್ಲ. ಸೀಮೆಸುಣ್ಣ ಕೊಟ್ಟು, ಗೋಡೆಯ ಮೇಲೆ ಬರೆಯಿರಿ ಎಂದರು. ಸುಣ್ಣ ಬಳಿದ ಗೋಡೆ. ಗುರುತು ಕಾಣುತ್ತಿರಲಿಲ್ಲ, ಆದರೂ ಶಾಲೆಯಲ್ಲಿ ಬರೆಯುವ ಹಾಗೆಯೇ ಒಂದು ವರ್ಗಸಮೀಕರಣ ಬರೆದೆ. ಪಕ್ಕದಲ್ಲಿ ನಿಂತು ಕಂಕುಳು ನೋಡಿದರು. ಬಿಗಿ ಎನಿಸಿದರೆ ಸಾಮಾನ್ಯವಾಗಿ ಎಲ್ಲರೂ ಕಂಕುಳನ್ನು ಇನ್ನಷ್ಟು ಕೆಳಗೆ ಕೊರೆಯುತ್ತಾರಂತೆ. ಹಾಗೆ ಮಾಡಿದರೆ ಕೈಯೊಂದಿಗೆ ಅಂಗಿ ಇನ್ನೂ ಹೆಚ್ಚು ಏಳುತ್ತದೆ ಎಂದು ವಿವರಿಸಿದರು. ಹಳೆಯ ಜುಬ್ಬಾಗಳ ಕಂಕುಳಲ್ಲಿ ಇರುತ್ತಿದ್ದಂಥ ಒಂದು ಚೌಕ ತುಂಡನ್ನು ಸೇರಿಸಿದರು. ನಾಲ್ಕನೆಯ ದಿನ ಹೋದೆ. ಕೈ ಎತ್ತಿದೆ, ಅಂಗಿ ಅಲುಗಲಿಲ್ಲ. ಬಿಚ್ಚಿ ಹೊಲಿದದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಹೊಲಿಗೆಯ ಗುಣಮಟ್ಟದ ಬಗ್ಗೆ: ನಾನು ಯಾವ ಬಟ್ಟೆಯನ್ನೂ ಮೊದಲು ತಿರುವಿ ಒಳಬದಿ ನೋಡುತ್ತೇನೆ. ಅವ್ವನಿಂದ ಬಂದ ರೂಢಿ. ನಮ್ಮ ಕಸೂತಿಯ ಗವಂತಿ ಹೊಲಿಗೆಯಲ್ಲಿ ಮುಂದೂ ಹಿಂದೂ ಒಂದೇ ರೀತಿ ಕಾಣಬೇಕು, ಗಂಟು ಹಾಕುವ ಹಾಗಿಲ್ಲ. ಹಿಂಬದಿ ನೋಡಿಯೇ ಅವ್ವ ನನ್ನ ಕೆಲಸ ಪಾಸು ಮಾಡುತ್ತಿದ್ದಳು. ಕಾಕಾನ ಹೊಲಿಗೆ ಆ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಎಳೆ ಬಿಡುವ ಅಂಚುಗಳನ್ನೆಲ್ಲ ಮಡಿಚಿ ಹೊಲಿದಿದ್ದಾರೆ. ಬದಿಗಳಲ್ಲಿ ಒಂದೊಂದು ಇಂಚು ಬಟ್ಟೆ ಬಿಟ್ಟಿದ್ದಾರೆ. ಕೆಂಪು ಅಂಚನ್ನು ತೋಳಿನ ತುದಿಗೂ ಕೆಳಗೂ ತಂದಿದ್ದಾರೆ, ಬೆನ್ನಿನ ಜೋಡಣೆಯಲ್ಲಿ ಬುಟ್ಟಿ ಸಾಲು ಒಂದು ಕಡೆಯೂ ತಪ್ಪಿಲ್ಲ. ಅಸ್ತರು ಸಹಿತ ಕುರ್ತಾಕ್ಕೆ 650 ರೂಪಾಯಿ, ಜೇಬಿಗೆ 50. ಈ ಕೆಲಸಕ್ಕೆ ಇದು ಕಡಿಮೆಯೇ.

ಮೂರನೆಯ ಕುರ್ತಾದಲ್ಲಿ ನಮಗೆ ಜಗಳವಾಯಿತು. ಕೇಳದೆಯೇ ಕೊರಳಿಗೆ ಹೊಳೆಯುವ ಪೈಪಿಂಗ್ ಹಾಕಿದ್ದರು. "ಖಣಕ್ಕೆ ಇದಿದ್ದರೇ ಶೋಭೆ" ಎಂದು ವಾದಿಸಿದರು. ನನಗೆ ಬೇಡ ಎಂದೆ. ಮುಖ ಸಣ್ಣದು ಮಾಡಿಕೊಂಡು ಬಿಚ್ಚಿಕೊಟ್ಟರು. ಸೂಜಿಯ ತೂತುಗಳು ಇನ್ನೂ ಕಾಣುತ್ತವೆ. ಗಿರಾಕಿಯನ್ನು ಕೇಳದೆ ಏನನ್ನೂ ಸೇರಿಸಬಾರದೆಂದು ಅವರಿಗೆ ನೇರವಾಗಿ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತಿದ್ದೇನೆ.

ಶಾಲೆಗೆ ಮೊದಲ ಬಾರಿ ಕುರ್ತಾ ಹಾಕಿಕೊಂಡು ಹೋದ ದಿನ ಹಿರಿಯ ಸಹೋದ್ಯೋಗಿಯೊಬ್ಬರು, "ಈ ವಯಸ್ಸಿನಲ್ಲಿ ಇದೆಲ್ಲ ಏಕೆ, ಸೀರೆಯಲ್ಲೇ ಚೆಂದ ಕಾಣುತ್ತಿದ್ದಿರಿ" ಎಂದರು. "ನನಗೆ ಇದು ಹಾಯಾಗಿದೆ ಮೇಡಂ, ನಾಳೆಯೂ ಹಾಕಿಕೊಂಡು ಬರುತ್ತೇನೆ" ಎಂದೆ. ಅವರು ಎರಡು ದಿನ ನನ್ನೊಂದಿಗೆ ಸರಿಯಾಗಿ ಮಾತನಾಡಲಿಲ್ಲ. ಮೊದಲಾಗಿದ್ದರೆ ಆ ಎರಡು ದಿನ ತಡೆದುಕೊಳ್ಳಲಾರದೆ ನಾನೇ ಹೋಗಿ ತಪ್ಪಾಯಿತು ಎನ್ನುತ್ತಿದ್ದೆ. ಈ ಸಲ ಕಾದೆ. ಮೂರನೆಯ ದಿನ ಅವರೇ ಚಹಾಕ್ಕೆ ಕರೆದರು, ಕುರ್ತಾದ ಮಾತು ಬರಲಿಲ್ಲ. ಪಾಠ ಮಾಡುವಾಗ ಎಡಗೈ ತಾನಾಗಿ ಜೇಬಿಗೆ ಹೋಗಿ ಹೊಸ ಸೀಮೆಸುಣ್ಣ ಹಿಡಿದು ಬರುತ್ತದೆ. ಒಂದು ದಿನ ಹಲಗೆಯ ಮೇಲೆ ಅದೇ ಕೈಯಲ್ಲಿ ಒಂದು ವೃತ್ತ ಬರೆದೆ. ಮಕ್ಕಳು ಚಪ್ಪಾಳೆ ಹೊಡೆದರು.

ಆ ಹನ್ನೊಂದು ಜಂಪರುಗಳನ್ನು ಕಳೆದ ತಿಂಗಳು ಗಂಟು ಕಟ್ಟಿಕೊಂಡು ಕಾಕಾನ ಮುಂದೆ ಬಿಚ್ಚಿದೆ. ಒಂದೊಂದನ್ನೂ ತಿರುವಿ ನೋಡಿ ಏಳನ್ನು ಎಡಕ್ಕೆ, ನಾಲ್ಕನ್ನು ಬಲಕ್ಕೆ ಇಟ್ಟರು. ಏಳರಲ್ಲಿ ಬಿಡಿಸಲು ಒಳಗೆ ಬಟ್ಟೆ ಉಳಿದಿದೆ, ನಾಲ್ಕರಲ್ಲಿ ಇಲ್ಲ. ಆ ನಾಲ್ಕರಲ್ಲಿ ನನ್ನ ಮದುವೆಯದೂ ಒಂದು. ಬಿಸಾಡಬೇಡಿ, ಮುಂದಿನ ಕುರ್ತಾದ ಜೇಬಿನ ಬಾಯಿಗೆ ಒಳಪಟ್ಟಿ ಮಾಡುತ್ತೇನೆ ಎಂದು ಅದನ್ನು ತಮ್ಮ ಬಳಿಯೇ ಇಟ್ಟುಕೊಂಡಿದ್ದಾರೆ.

ಸೋಮವಾರ ಅಂಗಡಿ ತೆರೆಯುವುದಿಲ್ಲ. ದಸರೆಯಿಂದ ದೀಪಾವಳಿಯವರೆಗೆ ಹೊಸ ಬಟ್ಟೆ ತೆಗೆದುಕೊಳ್ಳುವುದಿಲ್ಲ. ಮೆಟ್ಟಿಲು ಕಡಿದಾಗಿವೆ, ಮೊಣಕಾಲು ನೋವಿದ್ದವರು ಕೆಳಗಿನಿಂದ ಕೂಗಿದರೆ ಕಾಕಾ ತಾವೇ ಟೇಪು ಹಿಡಿದು ಇಳಿದು ಬರುತ್ತಾರೆ. ಜೇಬು ಬೇಕೆನ್ನುವವರು ಅದರಲ್ಲಿ ಇಡುವುದನ್ನೆಲ್ಲ ಮರೆಯದೆ ತೆಗೆದುಕೊಂಡು ಹೋಗಿ.