ನೀರಿಗಿಳಿದವರು ಎಷ್ಟು, ಎದ್ದವರು ಎಷ್ಟು: ಕ್ಲಬ್ ಟ್ರಯಥ್ಲಾನ್‌ಗೆ ಹೆಸರು ಕೊಡುವ ಮುಂಚೆ ಓದಿ

ನಮ್ಮ ಭಾಗದ ಕ್ಲಬ್ ಒಂದು ಭಾನುವಾರ ನಸುಕಿನಲ್ಲಿ ನಡೆಸಿದ ಟ್ರಯಥ್ಲಾನ್‌ನಲ್ಲಿ, ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸುವ ಸ್ಪರ್ಧೆಯಲ್ಲಿ, ಆದದ್ದು ಇದು. ಕ್ಲಬ್ಬಿನ ಹೆಸರು ಬೇಡ, ಕೆರೆಯದೂ ಬೇಡ. ಪಟ್ಟಿಯಲ್ಲಿ 43 ಹೆಸರಿದ್ದವು. ಈಜು ಮುಗಿಸಿ ದಂಡೆ ಹತ್ತಿದವರು 42. ಉಳಿದೊಬ್ಬರಿಗಾಗಿ ಒಂದೂಕಾಲು ತಾಸು ಕೆರೆ ಜಾಲಾಡಿದರು, ಅಗ್ನಿಶಾಮಕ ದಳಕ್ಕೂ ಫೋನ್ ಹೋಯಿತು. ಕೊನೆಗೆ ಯಾರಿಗೋ ಬುದ್ಧಿ ಹೊಳೆದು ಆ ಮನುಷ್ಯನ ಮನೆಗೇ ಫೋನ್ ಹಚ್ಚಿದರೆ, ಅವರು ಗಿರ್ಮಿಟ್ ತಿನ್ನುತ್ತ ಕೂತಿದ್ದರು. ಅರ್ಧದಾರಿಯಲ್ಲಿ ಸುಸ್ತಾಗಿ ಆಚೆ ದಂಡೆಗೆ ಎದ್ದು, ಬೈಕ್ ಹತ್ತಿ ಮನೆ ಸೇರಿದ್ದರು. “ಅಲ್ಲೇ ನಿಂತಿದ್ದ ಹುಡುಗಗ ಹೇಳಿ ಬಂದೀನಲ್ರೀ” ಅಂದರು. ಸುಳ್ಳಲ್ಲ, ಹೇಳಿದ್ದರು. ಆದರೆ ಆ ಹುಡುಗ ಸ್ವಯಂಸೇವಕನಲ್ಲ, ಎಮ್ಮೆ ಮೈ ತೊಳೆಯಲು ಬಂದವನು.

ಎಲ್ಲರೂ ನಕ್ಕರು. ನಗುವ ಮಾತಲ್ಲ ಅದು. ಹುಡುಕಾಟಕ್ಕೆಂದು ಸೈಕಲ್ ದಾರಿಯ ತಿರುವುಗಳಲ್ಲಿ ನಿಂತಿದ್ದವರನ್ನೆಲ್ಲ ಕೆರೆಗೆ ಕರೆಸಿಕೊಂಡರು. ಮೊದಲು ಎದ್ದವರು ಆಗಲೇ ಸೈಕಲ್ ಮೇಲಿದ್ದರು. ಕಾಯುವವರಿಲ್ಲದ ತಿರುವಿನಲ್ಲಿ ಒಬ್ಬರು ಟ್ರ್ಯಾಕ್ಟರ್ ಟ್ರೇಲರ್‌ಗೆ ಬಡಿದು ಕೊರಳೆಲುಬು ಮುರಿದುಕೊಂಡರು. ಕೆರೆ ದಂಡೆಯಲ್ಲಿದ್ದ ಆಂಬುಲೆನ್ಸ್ ಹೊರಡೋಣವೆಂದರೆ ಸ್ಪರ್ಧಿಗಳ ಕಾರುಗಳೇ ಹಿಂದೆ ಮುಂದೆ ನಿಂತಿದ್ದವು.

ಇನ್ನೊಂದು ಮಾತು ಬಹಳ ಜನರ ಲಕ್ಷ್ಯಕ್ಕೆ ಬರಲಿಲ್ಲ. ಆ 43 ವಾಟ್ಸ್ಯಾಪ್ ಪಟ್ಟಿಯ ಲೆಕ್ಕ. ಅದರಲ್ಲಿ ಇಬ್ಬರು ಬಂದೇ ಇರಲಿಲ್ಲ. ಬೇರೆ ಇಬ್ಬರು ಬೆಳಿಗ್ಗೆ ಸ್ಥಳದಲ್ಲೇ ದುಡ್ಡು ಕೊಟ್ಟು ನೀರಿಗಿಳಿದಿದ್ದರು. ಲೆಕ್ಕ ಹೊಂದಿದ್ದು ಅದೃಷ್ಟ. ಬಾರದವರು ಯಾರೂ ಇಲ್ಲದೆ 45 ಜನ ಇಳಿದು ಇಬ್ಬರು ಮುಳುಗಿದ್ದರೆ, “43 ಸರಿ ಅದ” ಎಂದು ದೋಣಿ ದಂಡೆಗೆ ಎಳೆಯುತ್ತಿದ್ದರು.

ತಲೆ ಎಣಿಸುವುದಕ್ಕೂ ಒಂದು ಕ್ರಮವಿದೆ. ನೀರಿಗಿಳಿಯುವ ಜಾಗವನ್ನು ಹಗ್ಗ ಕಟ್ಟಿ ಒಬ್ಬರೇ ಹಾಯುವಷ್ಟು ಇಕ್ಕಟ್ಟು ಮಾಡಬೇಕು. ಇಬ್ಬರು ಬೇರೆ ಬೇರೆ ಎಣಿಸಬೇಕು, ಇಬ್ಬರ ಲೆಕ್ಕ ತಾಳೆಯಾದ ಮೇಲೆ ಸೀಟಿ. ಏಳುವ ಜಾಗದಲ್ಲೂ ಹೀಗೆಯೇ. ಎರಡೂ ತೋಳಿನ ಮೇಲೆ ನಂಬರನ್ನು ಅಳಿಸದ ಮಾರ್ಕರ್‌ನಿಂದ ಬರೆಯಬೇಕು, ಅದೂ ಎಣ್ಣೆ, ಸನ್‌ಸ್ಕ್ರೀನ್ ಹಚ್ಚುವ ಮುಂಚೆ. ಹಚ್ಚಿದ ಮೇಲೆ ಬರೆದದ್ದು 100 ಮೀಟರ್‌ನಲ್ಲಿ ತೊಳೆದುಹೋಗುತ್ತದೆ. ದೊಡ್ಡ ಸ್ಪರ್ಧೆಗಳಲ್ಲಿ ಕಾಲಿಗೆ ಕಟ್ಟುವ ಚಿಪ್ ಈ ಲೆಕ್ಕ ಇಡುತ್ತದೆ. ಚಿಪ್ ಇಲ್ಲದ ಕ್ಲಬ್ಬಿಗೆ ಬಿಲ್ಲೆ ಹಲಗೆ ಸಾಕು. ಹಲಗೆಗೆ ಸಾಲಾಗಿ ಮೊಳೆ, ಪ್ರತಿಯೊಬ್ಬರಿಗೂ ನಂಬರಿನ ಒಂದು ಬಿಲ್ಲೆ. ಇಳಿಯುವಾಗ ಬಿಲ್ಲೆಯನ್ನು ಮೊಳೆಗೆ ಹಾಕಿ ಇಳಿಯಬೇಕು. ಎದ್ದಾಗ ಕಾರ್ಯಕರ್ತರು ನಂಬರ್ ಕೂಗಿ ತೆಗೆಯಬೇಕು. ಹಲಗೆಯ ಮೇಲೆ ಯಾವ ಬಿಲ್ಲೆ ಉಳಿದಿದೆಯೋ ಆ ನಂಬರಿನವರು ನೀರಿನಲ್ಲಿದ್ದಾರೆ. ಎಷ್ಟು ಜನ ಎನ್ನುವುದರ ಜತೆಗೆ ಯಾರು ಎನ್ನುವುದೂ ಗೊತ್ತಾಗುತ್ತದೆ.

ಈಜನ್ನು ಅರ್ಧಕ್ಕೆ ಬಿಡುವವರು ತಾವೇ ಹಲಗೆಯ ಹತ್ತಿರ ಹೋಗಿ ಬಿಲ್ಲೆ ತೆಗೆಸಬೇಕು. ಗೆಳೆಯನ ಹತ್ತಿರ ಹೇಳಿ ಕಳಿಸುವುದು ನಡೆಯದು. ಸೈಕಲ್, ಓಟದಲ್ಲಿ ಬಿಟ್ಟರೂ ತಾವೇ ಬಂದು ಹೇಳಬೇಕು.

ಈಜಿನ ಬಗ್ಗೆ ಇಷ್ಟು ಹಟ ಯಾಕೆಂದರೆ, ಜೀವ ಹೋಗುವುದು ಹೆಚ್ಚಾಗಿ ಅಲ್ಲೇ. ಅಮೆರಿಕದಲ್ಲಿ 1985ರಿಂದ 2016ರವರೆಗಿನ ಟ್ರಯಥ್ಲಾನ್‌ಗಳಲ್ಲಿ ಆದ ಸಾವು, ಹೃದಯಸ್ತಂಭನಗಳ 135 ಪ್ರಕರಣಗಳನ್ನು ವೈದ್ಯರು ಕೂಡಿಸಿ ನೋಡಿದಾಗ 90 ಈಜಿನ ಹಂತದವು. ಸತ್ತವರಲ್ಲಿ ಬಹುಪಾಲು ನಡುವಯಸ್ಸಿನ ಗಂಡಸರು. ಎದೆ ಬಿಗಿತ, ಓಡುವಾಗ ತಲೆ ಸುತ್ತಿ ಬಿದ್ದದ್ದು, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯದಿಂದ ಹೋದವರು, ಇವುಗಳಲ್ಲಿ ಒಂದಿದ್ದರೂ ಹೆಸರು ಕೊಡುವ ಮುಂಚೆ ಹೃದಯದ ಡಾಕ್ಟರರಿಗೆ ತೋರಿಸಿ.

ಬಾವಿಯಲ್ಲಿ ಈಸು ಕಲಿತವರು ನಮ್ಮಲ್ಲಿ ಬಹಳ. ಬೆನ್ನಿಗೆ ಬೆಂಡು ಕಟ್ಟಿಕೊಂಡು ಕಲಿತ ಈಸು ಜೀವ ಉಳಿಸುವ ವಿದ್ಯೆ, ಸಂಶಯವಿಲ್ಲ. ಆದರೆ ಬಾವಿಯಲ್ಲಿ ನಾಲ್ಕು ಬೀಸು ಹಾಕಿದರೆ ಮೆಟ್ಟಿಲು ಸಿಗುತ್ತದೆ. ಸ್ಪ್ರಿಂಟ್ (ಕಡಿಮೆ ದೂರದ) ಟ್ರಯಥ್ಲಾನ್‌ನ 750 ಮೀಟರ್‌ಗೆ ಗೋಡೆಯೇ ಇಲ್ಲ. ತಲೆ ಎತ್ತಿ ಈಸುವವರ ಸೊಂಟ ಕೆಳಗಿಳಿಯುತ್ತದೆ, ಕುತ್ತಿಗೆ ಸೋಲುತ್ತದೆ, 200 ಮೀಟರ್‌ಗೆ ಉಸಿರು ಕಟ್ಟುತ್ತದೆ. ಮುಖ ನೀರಿನಲ್ಲಿಟ್ಟು, ಆರೆಂಟು ಬೀಸಿಗೊಮ್ಮೆ ಮಾತ್ರ ಕಣ್ಣೆತ್ತಿ ಬೋಯೆ (ದಾರಿ ತೋರಲು ನೀರಿನಲ್ಲಿ ತೇಲಿಬಿಟ್ಟ ಗುರುತು) ನೋಡುವ ರೂಢಿ ಬೇಕು. ಕೊಳದಲ್ಲಿ ನಿಲ್ಲದೆ ಸಾವಿರ ಮೀಟರ್ ಈಸಲಾರದವರು ಕೆರೆಯ 750ಕ್ಕೆ ಇಳಿಯಬಾರದು ಎಂಬುದು ನಮ್ಮ ಮತ. ಮೈಗೆ ಬಿಗಿದು ತೇಲಿಸುವ ರಬ್ಬರ್ ಉಡುಪು, ವೆಟ್‌ಸೂಟ್, ಅದನ್ನೂ ನಂಬಿಕೊಳ್ಳುವಂತಿಲ್ಲ. ಈ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಟ್ರಯಥ್ಲಾನ್ ನಿಯಮದಂತೆ ಹವ್ಯಾಸಿಗಳ 1500 ಮೀಟರ್‌ವರೆಗಿನ ಈಜಿಗೆ ನೀರು 22 ಡಿಗ್ರಿ ಸೆಲ್ಸಿಯಸ್ ಮೀರಿದರೆ ವೆಟ್‌ಸೂಟ್ ಇಲ್ಲ, ನಮ್ಮ ಕೆರೆಗಳು ವರ್ಷದ ಬಹುಪಾಲು ಅದಕ್ಕಿಂತ ಬೆಚ್ಚಗೆ.

ನಿಯಮವೇ ಕೊಡುವ ಒಂದು ಸವಲತ್ತು ಹೊಸಬರಿಗೆ ಗೊತ್ತಿರುವುದಿಲ್ಲ. ದಣಿದರೆ ಬೋಯೆಯನ್ನೋ ನಿಂತ ದೋಣಿಯನ್ನೋ ಹಿಡಿದು ಸುಧಾರಿಸಿಕೊಳ್ಳಬಹುದು. ಅದನ್ನು ಹಿಡಿದು ಮುಂದೆ ಸಾಗಬಾರದು, ಅಷ್ಟೇ. ಎದೆ ಬಡಿತ ಕೈಮೀರಿದರೆ ಅಂಗಾತ ಮಲಗಿ, ಒಂದು ಕೈ ಎತ್ತಿ ಹಿಡಿಯಿರಿ. ಉಸಿರಾಟದ ಕಷ್ಟದ ಜತೆ ಕೆಮ್ಮಿನಲ್ಲಿ ಗುಲಾಬಿ ನೊರೆ ಬಂದರೆ ಶ್ವಾಸಕೋಶದಲ್ಲಿ ಮೈಯೊಳಗಿನದೇ ನೀರು ತುಂಬುತ್ತಿದೆ. ಸ್ಪರ್ಧೆ ಅಲ್ಲಿಗೆ ಮುಗಿಯಿತು, ನೇರ ಆಸ್ಪತ್ರೆ. ಒಮ್ಮೆಗೇ ಎಲ್ಲರನ್ನೂ ಇಳಿಸದೆ 10-15 ಜನರ ತಂಡ ಮಾಡಿ ಐದು ನಿಮಿಷ ಬಿಟ್ಟು ಬಿಡಬೇಕು. ಕಾವಲಿಗೆ 20 ಜನಕ್ಕೆ ಒಬ್ಬರಾದರೂ ಇರಬೇಕು, ಹೊತ್ತು ಕಳೆಯಲು ಫೋಟೋ ತೆಗೆಯುತ್ತ ನಿಲ್ಲದವರು. ಹರಿಗೋಲು ಇದ್ದರೆ ಒಳ್ಳೆಯದೇ, ಆದರೆ ಅದು ಗಿರಕಿ ಹೊಡೆಯುತ್ತದೆ, ಗಾಬರಿಯಾದವರು ಅಂಚು ಹಿಡಿದರೆ ಮಗುಚುತ್ತದೆ. ಹಗ್ಗ ಕಟ್ಟಿದ ಟ್ರ್ಯಾಕ್ಟರ್ ಟ್ಯೂಬ್ ಜತೆಗಿರಲಿ, ಮೊದಲು ಅದನ್ನು ಎಸೆಯಬೇಕು.

ಅಭ್ಯಾಸಕ್ಕೆ ಕೃಷಿ ಹೊಂಡ ಬೇಡವೇ ಬೇಡ. ಇಳಿಜಾರಿಗೆ ಹಾಸಿದ ಪ್ಲಾಸ್ಟಿಕ್ ತಾಡಪಾಲಿನ ಮೇಲೆ ಪಾಚಿ ಕಟ್ಟಿರುತ್ತದೆ. ಈಸಲು ಬರುವವರೂ ಮೇಲೆ ಹತ್ತಲಾಗದೆ, ಜಾರಿ ಜಾರಿ ಕೈಸೋತು ಮುಳುಗುತ್ತಾರೆ. ನವಲಗುಂದ, ನರಗುಂದ ಕಡೆಯ ಮಲಪ್ರಭಾ ಕಾಲುವೆಯಲ್ಲೂ ಸಿಮೆಂಟ್ ದಡ ಹೀಗೇ ಕೈಗೆ ಸಿಗುವುದಿಲ್ಲ, ಮೇಲೆ ಸೆಳೆತ ಬೇರೆ.

ಊರ ಕೊಳಚೆ ಸೇರುವ, ಅಂತರಗಂಗೆ ಹಬ್ಬಿದ ಕೆರೆಗೆ ಮುಖ ಹಾಕುವ ಮುಂಚೆ ಸ್ಪ್ರಿಂಗ್‌ಫೀಲ್ಡ್ ನೆನಪಿರಲಿ. 1998ರ ಜೂನ್‌ನಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಆ ಊರಿನ ಕೆರೆಯಲ್ಲಿ ಟ್ರಯಥ್ಲಾನ್ ಈಸಿದವರಲ್ಲಿ ಇಲಿಜ್ವರ ಹಬ್ಬಿತು. ಅದಕ್ಕೆ ಮುಂಚೆ ಜೋರು ಮಳೆಯಾಗಿ ದಂಡೆಯ ಹೊಲಸೆಲ್ಲ ನೀರಿಗೆ ಬಂದಿತ್ತು. ಹುಬ್ಬಳ್ಳಿ-ಧಾರವಾಡದ ಕೆರೆಗಳಿಗೆ ಮಳೆ ಬಂದಾಗ ಏನೇನು ಹರಿದು ಬರುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ದೊಡ್ಡ ಮಳೆಯಾಗಿ ಮೂರು ದಿನದೊಳಗೆ, ಇಲ್ಲವೇ ಕಾಲಿನಲ್ಲಿ ಹಸಿ ಗಾಯವಿದ್ದಾಗ, ಇಳಿಯಬೇಡಿ. ಆಮೇಲೆ ಒಂದು ತಿಂಗಳೊಳಗೆ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪು ಕಂಡರೆ “ಕೆರೆ ನೀರಿಗಿಳಿದಿದ್ದೆ” ಎಂದು ಡಾಕ್ಟರರಿಗೆ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಡೆಂಗಿ ಎಂದು ಪರೀಕ್ಷೆ ಮಾಡಿಸುತ್ತ ವಾರ ಹೋಗುತ್ತದೆ.

ಮುಳುಗಿದವರನ್ನು ಎತ್ತಿದ ಮೇಲೆ ಹೊಟ್ಟೆ ಒತ್ತುವುದು, ತಲೆಕೆಳಗೆ ಹಿಡಿದು ತಿರುಗಿಸುವುದು ಬೇಡ. ಉಪ್ಪಿನಲ್ಲಿ ಹೂತರೆ ಬದುಕುತ್ತಾರೆಂಬ ಮೊಬೈಲ್ ಸುದ್ದಿ ನಂಬಿ ಹಾವೇರಿ ಜಿಲ್ಲೆಯಲ್ಲೇ ಹಾಗೆ ಮಾಡಿದ್ದುಂಟು. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಆಮೇಲೆ 30 ಸಲ ಎದೆ ಒತ್ತಿ ಎರಡು ಉಸಿರು, ಆಂಬುಲೆನ್ಸ್ ಬರುವವರೆಗೂ.

ಸೈಕಲ್‌ಗೆ ಬರೋಣ. ಸ್ಟ್ಯಾಂಡಿನಲ್ಲಿರುವ ಸೈಕಲ್ ಮುಟ್ಟುವ ಮುಂಚೆ ಹೆಲ್ಮೆಟ್ ತಲೆಯ ಮೇಲಿದ್ದು ಪಟ್ಟಿ ಬಿಗಿದಿರಬೇಕು. ಮರಳಿ ಸ್ಟ್ಯಾಂಡಿಗೆ ಇಟ್ಟ ಮೇಲೆಯೇ ಬಿಚ್ಚಬೇಕು. ಇದು ಸುಮ್ಮನೆ ಮಾಡಿದ ಕಾಯಿದೆಯಲ್ಲ. ನೀರಿನಿಂದ ಎದ್ದವರ ಕೈ ಒದ್ದೆ, ಬೆರಳು ನಡುಗುತ್ತವೆ, ಆಗ ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಪಟ್ಟಿ ಹಾಕಲು ಹೋದವರು ಮೊದಲ ಹಂಪ್‌ನಲ್ಲೇ ಬೀಳುತ್ತಾರೆ. ಹತ್ತುವ ಗೆರೆ ದಾಟುವವರೆಗೆ ಸೈಕಲ್ ನೂಕಿಕೊಂಡೇ ಹೋಗಬೇಕು. ಕಿವಿಗೆ ಇಯರ್‌ಫೋನ್ ಇಲ್ಲ. ಹ್ಯಾಂಡಲ್‌ನ ಎರಡೂ ತುದಿಗೆ ಬಿರಡೆ ಇದೆಯೇ ನೋಡಿ. ಬಿದ್ದಾಗ ತೆರೆದ ಕೊಳವೆ ಹೊಟ್ಟೆಗೆ ಹೊಕ್ಕುತ್ತದೆ. ಮುಂದಿನ ಬ್ರೇಕ್ ಒತ್ತಿ ಸೈಕಲ್ ಮುಂದಕ್ಕೆ ನೂಕಿದರೆ ಹಿಂದಿನ ಗಾಲಿ ಏಳಬೇಕು, ಏಳದಿದ್ದರೆ ಬ್ರೇಕ್ ಸರಿಯಿಲ್ಲ. ಮುಂದಿನವರಿಂದ 10 ಮೀಟರ್ ದೂರ, ಮುಂಗಾಲಿಯಿಂದ ಮುಂಗಾಲಿಗೆ. ಗಾಳಿ ತಪ್ಪಿಸಿಕೊಂಡು ಲಾಭ ಮಾಡಿಕೊಳ್ಳದಿರಲಿ ಎಂದು ಈ ನಿಯಮ. ನಮ್ಮ ರಸ್ತೆಯಲ್ಲಿ ಇನ್ನೊಂದು ಕಾರಣವಿದೆ: ಹಿಂದೆ ಅಂಟಿಕೊಂಡವರಿಗೆ ತಗ್ಗು ಕಾಣುವುದಿಲ್ಲ.

ಪುಸ್ತಕದ ನಿಯಮಗಳಲ್ಲಿ ಇಲ್ಲದ ಅಪಾಯ ನಮ್ಮದು, ರಾಶಿ. ಸುಗ್ಗಿಯಲ್ಲಿ ಗದಗ, ಹಾವೇರಿ ಕಡೆ ಹುರುಳಿ, ತೊಗರಿಯನ್ನು ಡಾಂಬರಿನ ಮೇಲೆ ಹರಡಿ ವಾಹನಗಳಿಂದ ತುಳಿಸುತ್ತಾರೆ. ಸಪ್ಪುರ ಟೈರಿನ ಕೆಳಗೆ ಕಾಳು ಬೇರಿಂಗ್ ಗುಂಡಿನಂತೆ ಉರುಳುತ್ತದೆ, ಬಳ್ಳಿ ಚೈನಿಗೆ ಸುತ್ತಿ ಗಾಲಿ ಹಿಡಿಯುತ್ತದೆ, ಅಂಚಿಗೆ ಕಲ್ಲು ಸಾಲು ಬೇರೆ. ಇಳಿದು ನೂಕಿಕೊಂಡು ದಾಟಿ, ರೈತರ ಮೇಲೆ ಕೂಗಾಡಬೇಡಿ. ವರ್ಷಕ್ಕೊಮ್ಮೆ ಬರುವವರು ನಾವು. ಮಳೆಯಾದ ಮರುದಿನ ಟ್ರ್ಯಾಕ್ಟರ್ ಗಾಲಿ ತಂದು ಮೆತ್ತಿದ ಎರೆಮಣ್ಣು ತಿರುವಿನಲ್ಲಿ ಸಾಬೂನಿನಷ್ಟೇ ಜಾರುತ್ತದೆ. ಹಳಿಯಾಳ, ಅಳ್ನಾವರ ರಸ್ತೆಯಲ್ಲಿ ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು ನಸುಕಿನಲ್ಲೂ ಇರುತ್ತವೆ, ಹಿಂದಿನ ಟ್ರೇಲರ್ ಅಡ್ಡಡ್ಡ ಓಲಾಡುತ್ತದೆ, ದೀಪ ಇರುವುದು ಅಪರೂಪ. ಹಾಗಾಗಿ ಸಂಘಟಕರು ದಾರಿಯನ್ನು ಹಿಂದಿನ ಸಂಜೆ ಒಮ್ಮೆ, ಅಂದು ಬೆಳಿಗ್ಗೆ ಐದಕ್ಕೆ ಇನ್ನೊಮ್ಮೆ ನೋಡಿಬರಬೇಕು. ಮರಳುವ ತಿರುವನ್ನು ಇಳಿಜಾರಿನ ಬುಡಕ್ಕೆ ಇಡಬಾರದು.

ಓಟದಲ್ಲಿ ಕಾಡುವುದು ಬಿಸಿಲು. ಮಾರ್ಚ್ ನಂತರ ಸ್ಪರ್ಧೆ ಇಡುವ ಕ್ಲಬ್ಬಿಗೆ ಹೋಗದಿರುವುದೇ ಲೇಸು. ಮಾತು ತೊದಲಿದರೆ, ದಾರಿ ತಪ್ಪಿ ನಡೆದರೆ, ಸಿಟ್ಟಿಗೆದ್ದು ಅಸಂಬದ್ಧ ಮಾತಾಡಿದರೆ ಅದು ಹೀಟ್ ಸ್ಟ್ರೋಕ್. ಬೆವರುತ್ತಿದ್ದರೂ ಇರಬಹುದು. ಆಸ್ಪತ್ರೆಗೆ ಒಯ್ಯುವ ಮುಂಚೆ ತಣಿಸಬೇಕು, ಅರ್ಧ ಗಂಟೆಯೊಳಗೆ. ತಾಡಪಾಲಿನ ಮೇಲೆ ಮಲಗಿಸಿ, ನಾಲ್ವರು ಅಂಚು ಎತ್ತಿ ಹಿಡಿದು, ನೂರು ಲೀಟರ್ ನೀರು ಮತ್ತು ಐಸ್ ಸುರಿದು ಅಲುಗಾಡಿಸುತ್ತಿರಬೇಕು. ತಲೆ ನೀರಿನ ಮೇಲಿರಲಿ. ತುಂಬಿದ ಡ್ರಮ್, ಐಸ್ ಡಬ್ಬ, ತಾಡಪಾಲು ಮುಕ್ತಾಯದ ಗೆರೆಯ ಹತ್ತಿರವೇ ಇರಬೇಕು.

ದುಡ್ಡು ಹಾಕುವ ಮುಂಚೆ ಸಂಘಟಕರಿಗೆ ಫೋನ್ ಮಾಡಿ ಕೇಳಿ: ಪೊಲೀಸರ ಅನುಮತಿ ಇದೆಯೇ, ಆಂಬುಲೆನ್ಸ್ ಯಾವುದು? “108 ಇದೆಯಲ್ಲ” ಎಂದರೆ ಅದು ಉತ್ತರವಲ್ಲ. 108 ಇಡೀ ಊರಿನದು, ನಿಮ್ಮ ಸ್ಪರ್ಧೆಗೆ ಕಾದು ನಿಲ್ಲುವುದಿಲ್ಲ. ಬಾಡಿಗೆಯದು ಒಂದು ಸ್ಥಳದಲ್ಲೇ ಇರಬೇಕು, ಅದು ಗಾಯಾಳುವನ್ನು ಒಯ್ದರೆ ಇನ್ನೊಂದು ಬರುವವರೆಗೆ ಹೊಸಬರನ್ನು ನೀರಿಗೆ ಬಿಡಬಾರದು. ಆಂಬುಲೆನ್ಸ್ ಮುಖ ರಸ್ತೆಯ ಕಡೆಗಿರಲಿ, ಮುಂದೆ ಯಾರ ಕಾರೂ ಬೇಡ. ನಿಮ್ಮ ಅಪಘಾತ ವಿಮೆಯ ಕಾಗದದಲ್ಲಿ ಸ್ಪರ್ಧೆಗಳನ್ನು ಹೊರಗಿಟ್ಟಿದ್ದಾರೆಯೇ ಎಂದೂ ಓದಿಕೊಳ್ಳಿ. ಕೊನೆಗೆ, ಎಣಿಕೆ ಹೇಗೆ ಮಾಡುತ್ತೀರಿ ಎಂದು ಕೇಳಿ. “ಎಲ್ಲಾ ನಮ್ಮ ಪರಿಚಯದ ಮಂದೀನ ರೀ” ಎಂಬ ಉತ್ತರ ಬಂದರೆ ಫೋನ್ ಇಟ್ಟುಬಿಡಿ.

ಗಿರ್ಮಿಟ್ ತಿಂದವರು ಆ ಕ್ಲಬ್ಬಿನ ಹಳೇ ಸದಸ್ಯರು, ಎಲ್ಲರಿಗೂ ಪರಿಚಯ. ಅವತ್ತು ಅಲ್ಲಿ ಇಲ್ಲದಿದ್ದದ್ದು ಒಂದು ತುಂಡು ಪ್ಲೈವುಡ್, 50 ಮೊಳೆ, 50 ಬಿಲ್ಲೆ.