ಆಪ್ಷನ್ ಎಂಟ್ರಿ: ‘ಗ್ಯಾರಂಟಿ ಸಿಗೋ ಕಾಲೇಜು’ ಮೊದಲು ಹಾಕಿದರೆ ಏನಾಗುತ್ತದೆ

ಎಂಜಿನಿಯರಿಂಗ್ ಸೀಟಿಗಾಗಿ ಬರೆದ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ 28 ಸಾವಿರದ ಆಸುಪಾಸಿನ ರ‍್ಯಾಂಕ್. ಹುಡುಗಿಗೆ ಬೇಕಿದ್ದದ್ದು ಎಲೆಕ್ಟ್ರಾನಿಕ್ಸ್, ಅದೂ ಮನೆಯಿಂದ ಓಡಾಡುವಷ್ಟು ಹತ್ತಿರದ ಕಾಲೇಜಿನಲ್ಲಿ. ಹಿಂದಿನ ವರ್ಷ ಅಲ್ಲಿ ಅದೇ ಬ್ರಾಂಚು ಮೊದಲ ಸುತ್ತಿನಲ್ಲೇ 31 ಸಾವಿರದ ರ‍್ಯಾಂಕಿನವರೆಗೆ ಹೋಗಿತ್ತು. ಈ ವರ್ಷವೂ ಹೆಚ್ಚುಕಡಿಮೆ ಅಷ್ಟಕ್ಕೇ ನಿಂತಿತು. ಆದರೂ ಅವಳಿಗೆ ಸಿಕ್ಕಿದ್ದು 60 ಸಾವಿರ ದಾಟಿದವರಿಗೂ ಸೀಟು ಸಿಗುವ, ಊರಾಚೆಯ ಇನ್ನೊಂದು ಕಾಲೇಜು. ಆಪ್ಷನ್, ಅಂದರೆ ಬೇಕಾದ ಕಾಲೇಜು-ಬ್ರಾಂಚುಗಳ ಪಟ್ಟಿಯನ್ನು ಕ್ರಮವಾಗಿ ತುಂಬಿಕೊಟ್ಟ ಸೈಬರ್ ಸೆಂಟರಿನವನು ‘ಗ್ಯಾರಂಟಿ ಬರೋದನ್ನ ಮೇಲೆ ಹಾಕ್ಬಿಡೋಣ, ಆಮೇಲೆ ಸೀಟೇ ಇಲ್ಲ ಅಂದ್ರೆ ಕಷ್ಟ’ ಅಂತ ಅದನ್ನು 1ನೇ ಆಪ್ಷನ್ ಮಾಡಿದ್ದ. ಬೇಕಿದ್ದ ಕಾಲೇಜು 6ನೇ ಸಾಲಿನಲ್ಲಿತ್ತು.

ಇದು ಒಬ್ಬರ ಕಥೆಯಲ್ಲ. ಪ್ರತಿ ವರ್ಷ ಅಲಾಟ್‌ಮೆಂಟ್ ಬಂದ ಸಂಜೆ ಇಂಥ ಪಟ್ಟಿಗಳು ಹೊರಗೆ ಬರುತ್ತವೆ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸೀಟು ಹಂಚುವುದು ರ‍್ಯಾಂಕ್ ಪ್ರಕಾರ. ನಿಮ್ಮ ಸರದಿ ಬಂದಾಗ ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬರುತ್ತದೆ. ನಿಮಗೆ ಅರ್ಹತೆಯಿರುವ ಯಾವುದಾದರೂ ಕೆಟಗರಿಯಲ್ಲಿ ಮೊದಲು ಖಾಲಿ ಕಂಡ ಸೀಟನ್ನು ಕೊಟ್ಟು ಅಲ್ಲಿಗೇ ನಿಲ್ಲುತ್ತದೆ, ಅದರ ಕೆಳಗೇನಿದೆ ಎಂದು ನೋಡುವುದಿಲ್ಲ. ಮೇಲಿನ ಹತ್ತು ಆಪ್ಷನ್ ಸಿಗದಿದ್ದರೂ 11ನೆಯದರ ಅವಕಾಶ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ, ಯಾಕೆಂದರೆ ನಿಮಗಿಂತ ಹಿಂದಿನ ರ‍್ಯಾಂಕಿನವರ ಸರದಿ ಇನ್ನೂ ಬಂದೇ ಇರುವುದಿಲ್ಲ. ‘ಫಸ್ಟ್ ಆಪ್ಷನ್ ಕೊಟ್ಟವರಿಗೇ ಮೊದಲು ಕೊಡ್ತಾರೆ’ ಎಂದು ಹೇಳಿಕೊಡುವವರು ಪ್ರತಿ ಊರಿನಲ್ಲೂ ಇದ್ದಾರೆ. ಅದು ಸುಳ್ಳು. ಆದ್ದರಿಂದ ಎರಡು ಕಾಲೇಜು ಎದುರಿಗಿಟ್ಟು, ಎರಡೂ ಸಿಕ್ಕರೆ ಯಾವುದಕ್ಕೆ ಹೋಗುತ್ತೀರಿ ಎಂದಷ್ಟೇ ಕೇಳಿಕೊಳ್ಳಿ. ಹೋಗುವುದು ಮೇಲೆ, ಇನ್ನೊಂದು ಕೆಳಗೆ. ಸಿಗುತ್ತೋ ಇಲ್ಲವೋ ಎಂಬ ಲೆಕ್ಕಕ್ಕೆ ಕ್ರಮಾಂಕದಲ್ಲಿ ಜಾಗವಿಲ್ಲ.

1ನೇ ಆಪ್ಷನ್ನೇ ಸಿಕ್ಕಿಬಿಟ್ಟರೆ ಮುಂದಿನ ದಾರಿಯೂ ಮುಚ್ಚಿದಂತೆ. ಸೀಟು ಸಿಕ್ಕ ಮೇಲೆ ನಾಲ್ಕು ಚಾಯ್ಸ್ ಇರುತ್ತವೆ. ಚಾಯ್ಸ್ 1 ಅಂದರೆ ಸೀಟು ಒಪ್ಪಿ, ಶುಲ್ಕ ಕಟ್ಟಿ, ಕಾಲೇಜಿಗೆ ಸೇರುವುದು. ಚಾಯ್ಸ್ 2ರಲ್ಲಿ ಸಿಕ್ಕಿದ್ದನ್ನು ಇಟ್ಟುಕೊಂಡು ಅದಕ್ಕಿಂತ ಮೇಲಿನ ಆಪ್ಷನ್‌ಗಳಿಗಾಗಿ ಮುಂದಿನ ಸುತ್ತಿಗೆ ಹೋಗುತ್ತೀರಿ, ಮೇಲಿನದು ಸಿಕ್ಕರೆ ಹಳೆಯದು ತಾನಾಗಿ ರದ್ದು. ಚಾಯ್ಸ್ 3ರಲ್ಲಿ ಸಿಕ್ಕ ಸೀಟನ್ನು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಹೋಗುತ್ತೀರಿ. ಚಾಯ್ಸ್ 4 ಅಂದರೆ ಪೂರ್ತಿ ಹೊರಗೆ. ಸಿಕ್ಕ ಆಪ್ಷನ್‌ಗಿಂತ ಕೆಳಗಿನವೆಲ್ಲ ಅಳಿಸಿಹೋಗುತ್ತವೆ. ಆ ಹುಡುಗಿಯ ಪಟ್ಟಿಯಲ್ಲಿ 1ರ ಮೇಲೆ ಇನ್ನೇನೂ ಇರಲಿಲ್ಲ, 2ರಿಂದ ಕೆಳಗಿನದು ಹೋಯಿತು. ಚಾಯ್ಸ್ 2 ಒತ್ತಿದರೂ ಕಾಯಲು ಏನೂ ಉಳಿದಿರಲಿಲ್ಲ.

ಕಟಾಫ್ (ಒಂದು ಸೀಟು ಕೊನೆಗೆ ಸಿಕ್ಕ ರ‍್ಯಾಂಕ್) ಪಟ್ಟಿ ಓದುವಾಗಲೂ ಜನ ಎಡವುತ್ತಾರೆ. ಪ್ರಾಧಿಕಾರದ ಜಾಲತಾಣದಲ್ಲಿ ಹಿಂದಿನ ವರ್ಷಗಳ ಪಟ್ಟಿ ಸುತ್ತಿನ ಪ್ರಕಾರ ಇರುತ್ತದೆ: ಸಾಲಿನಲ್ಲಿ ಬ್ರಾಂಚು, ಮೇಲೆ ಕೆಟಗರಿಯ ಕಾಲಂ. ಜಿಎಂ (ಜನರಲ್ ಮೆರಿಟ್), ಜಿಎಂಕೆ, ಜಿಎಂಆರ್ ಮೂರೂ ಬೇರೆ ಬೇರೆ, ಕಡೆಯ ಅಕ್ಷರ ಕೆ ಇದ್ದರೆ ಕನ್ನಡ ಮಾಧ್ಯಮ, ಆರ್ ಇದ್ದರೆ ಗ್ರಾಮೀಣ. ಮೊಬೈಲಿನಲ್ಲಿ ಪಿಡಿಎಫ್ ತೆರೆದು ಬೆರಳಲ್ಲಿ ಸರಿಸುತ್ತಾ ಹೋದರೆ ಒಂದು ಕಾಲಂ ಆಚೀಚೆಯಾಗುವುದು ಖಂಡಿತ, ಪ್ರಿಂಟ್ ತೆಗೆದು ಸ್ಕೇಲ್ ಇಟ್ಟು ಓದಿ. ಕನ್ನಡ ಮಾಧ್ಯಮ, ಗ್ರಾಮೀಣ ಎರಡೂ ಮೀಸಲಾತಿಗೆ 1ರಿಂದ 10ನೇ ತರಗತಿವರೆಗಿನ ಪೂರ್ತಿ ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರ ಬೇಕು. ಅರ್ಜಿಯಲ್ಲಿ ಕ್ಲೇಮ್ ಮಾಡಿ ದಾಖಲೆ ಪರಿಶೀಲನೆಯಲ್ಲಿ ಪಾಸಾಗಿರದಿದ್ದರೆ ಆ ಕಾಲಂ ನಿಮ್ಮದಲ್ಲ. ವೆರಿಫಿಕೇಷನ್ ಸ್ಲಿಪ್ಪಿನಲ್ಲಿ ಏನು ಬಂದಿದೆಯೋ ಅದನ್ನೇ ಹಿಡಿದು ನೋಡಿ.

ಸುತ್ತನ್ನೂ ಬೆರೆಸಬೇಡಿ. ಬೇರೆ ಪ್ರವೇಶ ಪರೀಕ್ಷೆಗಳಾದ ಜೆಇಇ, ನೀಟ್, ಕಾಮೆಡ್‌ಕೆ ಕಡೆ ಸೀಟು ಸಿಕ್ಕವರು ಬಿಟ್ಟುಹೋಗುವುದರಿಂದ ಕೊನೆಯ ಸುತ್ತಿನ ಕಟಾಫ್ ಮೊದಲನೆಯದಕ್ಕಿಂತ ಬಹಳ ಹಿಂದಿನ ರ‍್ಯಾಂಕಿಗೆ ಇಳಿದಿರುತ್ತದೆ. ಅದನ್ನು ನೋಡಿ ‘ಮೊದಲ ಸುತ್ತಿಗೇ ಬರುತ್ತೆ’ ಎಂದು ನಾಲ್ಕೇ ನಾಲ್ಕು ಆಪ್ಷನ್ ತುಂಬಿ ಕೂತವರು ಬರಿಗೈಲಿ ಉಳಿಯುತ್ತಾರೆ. ಒಂದೇ ವರ್ಷವನ್ನೂ ನಂಬಬೇಡಿ. ಕಾಲೇಜು ಕಂಪ್ಯೂಟರ್ ಸೈನ್ಸಿಗೆ 60 ಸೀಟು ಹೆಚ್ಚಿಸಿಕೊಂಡಿದ್ದರೆ ಹಳೆಯ ಅಂಕಿ ಕೆಲಸಕ್ಕೆ ಬಾರದು.

ಆಪ್ಷನ್ ಸಂಖ್ಯೆಗೆ ಮಿತಿಯಿಲ್ಲ. ನಿಮ್ಮ ರ‍್ಯಾಂಕಿನ ಅರ್ಧದಿಂದ ಎರಡು ಪಟ್ಟಿನವರೆಗೆ ಕಟಾಫ್ ಇರುವುದನ್ನೆಲ್ಲ ಮೊದಲು ಕಾಗದದ ಮೇಲೆ ಬರೆದುಕೊಳ್ಳಿ, ಸಿಕ್ಕರೂ ಹೋಗುವುದಿಲ್ಲ ಎನ್ನುವುದನ್ನು ಹೊಡೆದುಹಾಕಿ, ಉಳಿದದ್ದನ್ನು ಇಷ್ಟದ ಕ್ರಮದಲ್ಲಿ ಜೋಡಿಸಿ. 50–60 ಆದರೂ ಜಾಸ್ತಿಯೇನಲ್ಲ. ತುಂಬುವಾಗ ಕೋಡ್ ನೋಡಿ: ‘ಇ’ಯಿಂದ ಶುರುವಾಗುವ ಕಾಲೇಜು ಕೋಡು, ಜೊತೆಗೆ ಎರಡಕ್ಷರದ ಬ್ರಾಂಚ್ ಕೋಡು. ಒಂದೇ ಹೆಸರಿನ ಹಲವು ಕಾಲೇಜುಗಳಿವೆ. ಕೆಲವು ಅನುದಾನಿತ ಕಾಲೇಜುಗಳಲ್ಲಿ ಅನುದಾನಿತ ಸೀಟಿಗೊಂದು, ಅನುದಾನರಹಿತ ಸೀಟಿಗೊಂದು ಎಂದು ಎರಡು ಕೋಡುಗಳಿವೆ. ಕ್ಲಾಸ್‌ರೂಮ್ ಅದೇ, ಮೇಷ್ಟ್ರು ಅವರೇ, ಅನುದಾನರಹಿತ ಸೀಟಿನ ಶುಲ್ಕ ಮಾತ್ರ ಎಷ್ಟೋ ಪಟ್ಟು ಹೆಚ್ಚು. ಎರಡನ್ನೂ ಹಾಕಿ, ಅನುದಾನಿತವನ್ನು ಮೇಲೆ ಹಾಕಿ.

ನಿಜವಾದ ಹಂಚಿಕೆಗೆ ಮೊದಲು ಅಂದಾಜಿಗೆಂದು ತೋರಿಸುವ ಮಾಕ್ ಅಲಾಟ್‌ಮೆಂಟ್ ಬಂದ ದಿನ ಇನ್ನೊಂದು ಅನಾಹುತ ನಡೆಯುತ್ತದೆ. ಒಳ್ಳೆಯ ಕಾಲೇಜು ತೋರಿಸಿತು ಎಂದು ಅದರ ಕೆಳಗಿನದನ್ನೆಲ್ಲ ಅಳಿಸುತ್ತಾರೆ. ಮಾಕ್ ನೋಡಿದ ಮೇಲೆ ನಿಮಗಿಂತ ಮುಂದಿನ ಸಾವಿರಾರು ಜನ ತಮ್ಮ ಪಟ್ಟಿ ಬದಲಿಸುತ್ತಾರೆ, ನಿಜವಾದ ಸುತ್ತಿನಲ್ಲಿ ಆ ಸೀಟು ಅಲ್ಲೇ ಇರಬೇಕೆಂದಿಲ್ಲ. ಹೊಸ ಆಪ್ಷನ್ ಸೇರಿಸಲು ಸಾಮಾನ್ಯವಾಗಿ ಇದೇ ಕೊನೆಯ ಅವಕಾಶ. ಹಾಗಾಗಿ ಮಾಕ್ ಬಂದ ಮೇಲೆ ಸೇರಿಸಿ, ಕ್ರಮ ತಿದ್ದಿ, ಅಳಿಸುವ ಗೋಜಿಗೆ ಹೋಗಬೇಡಿ.

ಇಷ್ಟದ ಕ್ರಮ ಎಂದರೆ ಬಸ್‌ಸ್ಟ್ಯಾಂಡಿನ ಫ್ಲೆಕ್ಸ್ ನೋಡಿ ಮಾಡುವುದಲ್ಲ. ಅಲ್ಲಿ ಬರೆದಿರುವ ಅತಿ ಹೆಚ್ಚಿನ ಪ್ಯಾಕೇಜ್ ಒಬ್ಬನಿಗೆ ಸಿಕ್ಕದ್ದು. ಕೇಂದ್ರ ಸರ್ಕಾರದ ಕಾಲೇಜು ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್‌ಗೆ ಅರ್ಜಿ ಹಾಕಿದ ಕಾಲೇಜು ತಾನು ಕೊಟ್ಟ ಮಾಹಿತಿಯ ಪಿಡಿಎಫ್ಫನ್ನು ತನ್ನ ಜಾಲತಾಣದಲ್ಲೇ ಹಾಕಿರಬೇಕು. ಅದರಲ್ಲಿ ಒಂದು ವರ್ಷ ಎಷ್ಟು ಮಂದಿ ಸೇರಿದರು, ಅವರಲ್ಲಿ ನಾಲ್ಕೇ ವರ್ಷಕ್ಕೆ ಎಷ್ಟು ಮಂದಿ ಪಾಸಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಮಧ್ಯದ ಸಂಬಳ (ಅರ್ಧ ಜನರಿಗೆ ಇದಕ್ಕಿಂತ ಹೆಚ್ಚು, ಅರ್ಧ ಜನರಿಗೆ ಕಡಿಮೆ) ಎಷ್ಟು, ಎಷ್ಟು ಮಂದಿ ಮುಂದೆ ಓದಲು ಹೋದರು ಎಂಬ ಸಾಲುಗಳಿರುತ್ತವೆ. ಸೇರಿದವರ ಸಂಖ್ಯೆಯಿಂದ ಕೆಲಸ ಸಿಕ್ಕವರ ಸಂಖ್ಯೆಯನ್ನು ನೀವೇ ಭಾಗಿಸಿ. ಫ್ಲೆಕ್ಸಿನ ಶೇಕಡಾವಾರು ಬಹುಪಾಲು ‘ಅರ್ಹ’ ವಿದ್ಯಾರ್ಥಿಗಳ ಲೆಕ್ಕ, ಬ್ಯಾಕ್‌ಲಾಗ್ ಇದ್ದವರು ಅದರಲ್ಲಿ ಇರುವುದಿಲ್ಲ. ಈ ಪಿಡಿಎಫ್ಫಿಗೂ ಒಂದು ಕೊರತೆಯಿದೆ: ಎಲ್ಲ ಬ್ರಾಂಚು ಒಟ್ಟಾಗಿರುತ್ತವೆ, ಸಿವಿಲ್ಲಿನ ಪಾಡು ಅದರಲ್ಲಿ ಕಾಣದು. ಬ್ರಾಂಚಿನ ಬಗ್ಗೆ ತಿಳಿಯಲು, ಕೋರ್ಸಿನ ಗುಣಮಟ್ಟ ಪರೀಕ್ಷಿಸಿ ಕೊಡುವ ಎನ್‌ಬಿಎ ಮಾನ್ಯತೆ ನೋಡಿ. ನ್ಯಾಕ್ ಎಂಬ ಇನ್ನೊಂದು ಸಂಸ್ಥೆಯ ಮಾನ್ಯತೆ ಇಡೀ ಕಾಲೇಜಿಗೆ ಸಿಗುವುದು, ಎನ್‌ಬಿಎ ಒಂದೊಂದು ಕೋರ್ಸಿಗೆ, ಅದಕ್ಕೂ ಅವಧಿ ಮುಗಿಯುವ ದಿನಾಂಕವಿದೆ. ‘ಎನ್‌ಬಿಎ ಮಾನ್ಯತೆ ಪಡೆದ ಕಾಲೇಜು’ ಎಂದಷ್ಟೇ ಬರೆದಿದ್ದರೆ ಯಾವ ಕೋರ್ಸಿಗೆ, ಯಾವಾಗಿನವರೆಗೆ ಎಂದು ಫೋನ್ ಮಾಡಿ ಕೇಳಿ.

ಸೈಬರ್ ಸೆಂಟರಿಗೆ ಹೋಗುವುದು ತಪ್ಪಲ್ಲ, ಕ್ರಮವನ್ನು ಅವರ ಕೈಗೆ ಬಿಡುವುದು ತಪ್ಪು. ಬರೆದುಕೊಂಡ ಪಟ್ಟಿ ಒಯ್ದು ಅದರಂತೆಯೇ ತುಂಬಿಸಿ. ಸೇವ್ ಆದ ಮೇಲೆ ಪ್ರಿಂಟ್ ತೆಗೆಸಿ ಒಂದೊಂದು ಸಾಲನ್ನೂ ಟಿಕ್ ಮಾಡಿ, ಲಾಗ್‌ಔಟ್ ಆಗಿದೆಯೇ ನೋಡಿ, ಮನೆಗೆ ಬಂದು ಪಾಸ್‌ವರ್ಡ್ ಬದಲಿಸಿ. ಒಟಿಪಿ ಬರುವ ಮೊಬೈಲ್ ನಂಬರು ನಿಮ್ಮದೋ ಅಪ್ಪ ಅಮ್ಮನದೋ ಆಗಿರಲಿ. ಆಪ್ಷನ್ ಎಂಟ್ರಿ ಮುಗಿಯುವ ಹಿಂದಿನ ರಾತ್ರಿ ಇನ್ನೊಮ್ಮೆ ಲಾಗಿನ್ ಆಗಿ 1ರಿಂದ 10ರವರೆಗಿನ ಸಾಲುಗಳನ್ನು ಆ ಪ್ರಿಂಟಿನ ಜೊತೆ ತಾಳೆ ಹಾಕಿ. ಕೊನೆಯ ದಿನ ಸರ್ವರ್ ನಿಧಾನವಾಗಿರುತ್ತದೆ, ಆಗ ತಿದ್ದಲು ಕೂತರೆ ಸೇವ್ ಆಯಿತೋ ಇಲ್ಲವೋ ಎನ್ನುವುದೇ ತಿಳಿಯುವುದಿಲ್ಲ.