ಡಿ-ಲೈಟ್ ಡೋಪಮೈನ್ ಸೆನ್ಸರ್: ಐದು ವರ್ಷ ಬಳಸಿದ ಮೇಲೆ

ಮಿದುಳಿಗೆ ಬೆಳಕಿನ ತೆಳು ಎಳೆ ಇಳಿಸಿ ಅಲ್ಲಿನ ಹೊಳಪು ಅಳೆಯುವ ಫೈಬರ್ ಫೋಟೋಮೆಟ್ರಿಗೆ ಹೊಸಬರು ಯಾರೇ ಬಂದರೂ ಕೇಳುವುದು ಒಂದೇ: ಮಿದುಳಿನ ಕೋಶಗಳ ನಡುವೆ ಸಂದೇಶ ಸಾಗಿಸುವ ಡೋಪಮೈನ್ ನೋಡಲು ಯಾವ ಸೆನ್ಸರ್ ಹಾಕಲಿ? ಐದು ವರ್ಷದಿಂದ ನಾನು ಹೆಚ್ಚಾಗಿ ಬಳಸಿರುವುದು ಡಿ-ಲೈಟ್ ಸೆನ್ಸರಿನ 1.1 ಮತ್ತು 1.3ಬಿ ಆವೃತ್ತಿಗಳು. ನಡುವೆ ಒಂದು ವರ್ಷ ಗ್ರ್ಯಾಬ್-ಡಿಎ ಎಂಬ ಇನ್ನೊಂದು ಸೆನ್ಸರ್ ಕೂಡ ಬಳಸಿದ್ದೇನೆ.

ಅದಕ್ಕೂ ಮೊದಲು ಮೈಕ್ರೋಡಯಾಲಿಸಿಸ್ ಮಾಡುತ್ತಿದ್ದೆ, ಅಂದರೆ ಮಿದುಳಿಗೆ ಇಳಿಸಿದ ತೆಳು ಕೊಳವೆಯಲ್ಲಿ ದ್ರವ ಹಾಯಿಸಿ, ಅದರಲ್ಲಿ ಬಂದ ಡೋಪಮೈನ್ ಅಳೆಯುವುದು. ಹತ್ತು ನಿಮಿಷಕ್ಕೊಂದು ಮಾದರಿ. ಅಷ್ಟರಲ್ಲಿ ಇಲಿ ಸಕ್ಕರೆ ನೀರು ಕುಡಿದು, ಮೈ ನೆಕ್ಕಿಕೊಂಡು, ಮೂಲೆಯಲ್ಲಿ ಮುದುಡಿ ಮಲಗಿಯೂ ಆಗಿರುತ್ತಿತ್ತು. ನನ್ನ ಕೈಗೆ ಬರುತ್ತಿದ್ದುದು ಅದೆಲ್ಲ ಸೇರಿದ ಒಂದೇ ಅಂಕಿ. ಡಿ-ಲೈಟ್ ಹಾಕಿದ ಮೊದಲ ಇಲಿಯ ನಾಲಿಗೆಗೆ ಹನಿ ತಾಗಿದ್ದೇ ತಡ, ಪರದೆಯ ಮೇಲೆ ಸೆನ್ಸರಿನ ಹೊಳಪು ತೋರಿಸುವ ಗೆರೆ ಚಿಮ್ಮಿ, ಒಂದೆರಡು ಸೆಕೆಂಡಿನಲ್ಲಿ ಇಳಿಯಿತು. ಕೆಲವು ದಿನ ಪ್ರತಿ ಹನಿಗೂ ಮುಂಚೆ ಒಂದು ಶಬ್ದ ಕೇಳಿಸಿದ ಮೇಲೆ, ಹನಿ ಬರುವ ಮೊದಲೇ ಶಬ್ದಕ್ಕೆ ಗೆರೆ ಏಳತೊಡಗಿತು. ವರ್ಷಗಟ್ಟಲೆ ಓದಿ ತಿಳಿದಿದ್ದ ಸಂಗತಿ ಅದು. ಕಣ್ಣೆದುರಿಗೆ ಕಂಡ ದಿನ ರಾತ್ರಿ ನಿದ್ದೆ ಬರಲಿಲ್ಲ.

ಒಳಗಿನ ಕೆಲಸ ಅರ್ಥವಾಗದೆ ಇದನ್ನು ಬಳಸಬೇಡಿ. ಕೋಶದ ಪೊರೆಯಲ್ಲಿದ್ದು ಡೋಪಮೈನ್ ಬಂದು ಕೂರುವ ಡಿ1 ಗ್ರಾಹಿ ಎಂಬ ಪ್ರೋಟೀನಿನಲ್ಲಿ, ಕೋಶದ ಒಳಮುಖಕ್ಕಿರುವ ಒಂದು ಕುಣಿಕೆಯನ್ನು ತೆಗೆದು, ಆ ಜಾಗದಲ್ಲಿ ಮೂಲತಃ ಲೋಳೆಮೀನಿನಿಂದ ಬಂದ ಹಸಿರು ಪ್ರೋಟೀನನ್ನು ಮಾರ್ಪಡಿಸಿ ಕೂರಿಸಿದ್ದಾರೆ. ಡೋಪಮೈನ್ ಅಂಟಿದರೆ ಗ್ರಾಹಿಯ ಆಕಾರ ಬದಲಾಗುತ್ತದೆ, ಹಸಿರು ಹೊಳಪು ಹೆಚ್ಚುತ್ತದೆ. ಲಿನ್ ಟಿಯಾನ್ ತಂಡ ಇದನ್ನು ಪ್ರಕಟಿಸಿದ್ದು 2018ರಲ್ಲಿ. ಅದೇ ವರ್ಷ ಯುಲಾಂಗ್ ಲಿ ತಂಡ ಡೋಪಮೈನಿನ ಇನ್ನೊಂದು ಗ್ರಾಹಿಯಾದ ಡಿ2ಯಿಂದ ಗ್ರ್ಯಾಬ್-ಡಿಎ ಮಾಡಿತು.

ಡಿ1, ಡಿ2 ಎಂಬ ಈ ವ್ಯತ್ಯಾಸವನ್ನು ಕಡೆಗಣಿಸಿ ನಾನು ಮೂರು ತಿಂಗಳು ಕಳೆದುಕೊಂಡೆ. ಒಂದು ಪ್ರಯೋಗದಲ್ಲಿ ಡಿ1 ಗ್ರಾಹಿಯನ್ನು ತಡೆಯುವ ಔಷಧಿ ಕೊಟ್ಟಾಗ ಗೆರೆ ಪೂರ್ತಿ ಚಪ್ಪಟೆಯಾಯಿತು. ಡೋಪಮೈನ್ ಬಿಡುಗಡೆಯೇ ನಿಂತಿದೆ ಎಂದುಕೊಂಡು ಚಿತ್ರಗಳನ್ನೆಲ್ಲ ಸಿದ್ಧ ಮಾಡಿದೆ. ಆಮೇಲೆ ಸಹೋದ್ಯೋಗಿಯೊಬ್ಬರು ಚಿತ್ರ ನೋಡಿ, 'ಔಷಧಿ ಹೋಗಿ ಕೂತಿರುವುದು ನಿಮ್ಮ ಸೆನ್ಸರ್ ಮೇಲೇ ಅಲ್ವಾ?' ಎಂದರು. ಹೌದು. ಡೋಪಮೈನ್ ಇತ್ತೋ ಇಲ್ಲವೋ, ಅದನ್ನು ಕಾಣುವ ಕಣ್ಣನ್ನೇ ನಾನು ಮುಚ್ಚಿದ್ದೆ. ಈಗ ಡಿ1 ಔಷಧಿಯ ಪ್ರಯೋಗಕ್ಕೆ ಗ್ರ್ಯಾಬ್-ಡಿಎ, ಡಿ2 ಔಷಧಿಯ ಪ್ರಯೋಗಕ್ಕೆ ಡಿ-ಲೈಟ್.

ಆಯ್ಕೆಯ ಬಗ್ಗೆ ಇನ್ನೊಂದು ಮಾತು. 1.3ಬಿಯ ಹೊಳಪಿನ ಏರಿಳಿತ ದೊಡ್ಡದು, ಆದರೆ ಅದಕ್ಕೆ ಡೋಪಮೈನ್ ಧಾರಾಳವಾಗಿ ಬೇಕು. ಮಿದುಳಿನೊಳಗೆ ಡೋಪಮೈನ್ ಹೇರಳವಾಗಿರುವ ಭಾಗವಾದ ಸ್ಟ್ರೈಯೇಟಮ್‌ನಲ್ಲಿ ಸೊಗಸಾಗಿ ಕೆಲಸ ಮಾಡಿದ್ದು, ಡೋಪಮೈನ್ ತೀರ ಕಡಿಮೆ ಇರುವ, ಮಿದುಳಿನ ಹೊರಪದರವಾದ ಮುಂಭಾಗದ ಕಾರ್ಟೆಕ್ಸ್‌ನಲ್ಲಿ ನನಗೆ ಏನನ್ನೂ ತೋರಿಸಲಿಲ್ಲ. ಅಲ್ಲಿ ತೀರ ಅಲ್ಪ ಸಾಂದ್ರತೆಗೆ, ಸುಮಾರು 10 ನ್ಯಾನೋಮೋಲಾರ್‌ಗೇ ಸ್ಪಂದಿಸುವ ಗ್ರ್ಯಾಬ್-ಡಿಎಯ 1ಎಚ್ ಆವೃತ್ತಿ ಕೈ ಹಿಡಿಯಿತು. ಆದರೆ ಅಷ್ಟು ಬಿಗಿಯಾಗಿ ಹಿಡಿಯುವುದು ಬೇಗ ಬಿಡುವುದಿಲ್ಲ. ಗೆರೆಗೆ ಸೆಕೆಂಡುಗಟ್ಟಲೆ ಬಾಲ ಉಳಿಯುತ್ತದೆ, ಬೆನ್ನುಬೆನ್ನಿಗೆ ಬಂದ ಎರಡು ಸಂಕೇತ ಒಂದಾಗಿ ಕಾಣುತ್ತವೆ. ಕಾರ್ಟೆಕ್ಸ್‌ನಲ್ಲಿ ನಾರ್‌ಅಡ್ರಿನಲಿನ್ ಎಂಬ, ಡೋಪಮೈನನ್ನು ಹೋಲುವ ಇನ್ನೊಂದು ರಾಸಾಯನಿಕವೂ ಇರುವುದರಿಂದ, ಕಂಡದ್ದೆಲ್ಲ ಡೋಪಮೈನ್ ಎಂದು ನಂಬುವ ಹಾಗಿಲ್ಲ.

ದಿನನಿತ್ಯದ ಕಷ್ಟ ಕೇಬಲ್ಲಿನದು. ಇಲಿಯ ತಲೆಗೂ ಉಪಕರಣಕ್ಕೂ ನಡುವೆ ಬೆಳಕು ಸಾಗಿಸುವ ಪ್ಯಾಚ್ ಕೇಬಲ್ ತಾನೇ ಸ್ವಲ್ಪ ಹೊಳೆಯುತ್ತದೆ, ರೆಕಾರ್ಡಿಂಗ್ ನಡೆಯುತ್ತಿದ್ದಂತೆ ಆ ಹೊಳಪು ಇಳಿಯುತ್ತದೆ, ಡೋಪಮೈನ್ ಇಳಿದ ಹಾಗೆಯೇ ಕಾಣುತ್ತದೆ. ಹಿಂದಿನ ರಾತ್ರಿಯೇ ಕೇಬಲ್ಲಿಗೆ ಬೆಳಕು ಹಾಯಿಸಿಟ್ಟು ಹೊಳಪು ಕಳೆಯಬೇಕು. ಡೋಪಮೈನಿಗೆ ಹೊಳಪು ಅಷ್ಟಾಗಿ ಬದಲಾಗದ 405 ನ್ಯಾನೋಮೀಟರ್ ಬೆಳಕಿನ ಗೆರೆಯನ್ನೂ ಜೊತೆಗೆ ಪಡೆದರೆ ಇಲಿಯ ಅಲುಗಾಟವನ್ನು ತಕ್ಕಮಟ್ಟಿಗೆ ಗುರುತಿಸಬಹುದು. ಅದನ್ನೇ ಪೂರ್ತಿ ನಂಬದೆ, ಡೋಪಮೈನ್ ಅಂಟದಂತೆ ಮಾರ್ಪಡಿಸಿದ ಸೆನ್ಸರ್ ಹಾಕಿದ ಇಲಿಗಳನ್ನೂ ಪ್ರತಿ ಗುಂಪಿನಲ್ಲಿ ಇಡುತ್ತೇನೆ. ಅವುಗಳಲ್ಲೂ ಗೆರೆ ಎದ್ದರೆ ಆ ವಾರದ ದತ್ತಾಂಶವನ್ನು ಬದಿಗಿಡುತ್ತೇನೆ.

ಡೋಪಮೈನ್ ಯಾವಾಗ ಬಂತು ಎಂಬುದಕ್ಕೆ ಡಿ-ಲೈಟ್ ಕೊಡುವಷ್ಟು ಸ್ಪಷ್ಟ ಉತ್ತರ ನನ್ನ ಹಳೆಯ ವಿಧಾನದಿಂದ ಎಂದೂ ಸಿಕ್ಕಿರಲಿಲ್ಲ. ಎಷ್ಟು ಬಂತು ಎಂದು ಮಾತ್ರ ಅದನ್ನು ಕೇಳಬೇಡಿ. ಸೆನ್ಸರಿನ ಜೀನ್ ಹೊತ್ತ ವೈರಸ್ ಎಷ್ಟು ಕೋಶ ಸೇರಿತು, ಫೈಬರ್ ತುದಿ ಎಲ್ಲಿ ನಿಂತಿತು ಎಂಬುದರ ಮೇಲೆ ಒಂದೊಂದು ಇಲಿಯ ಹೊಳಪೂ ಬೇರೆ. ಒಂದೇ ಇಲಿಯ ಇಂದಿನ ಗೆರೆಯನ್ನು ನಿನ್ನೆಯದರ ಜೊತೆ ಹೋಲಿಸುವಾಗಲೂ ನಾನು ಎರಡು ಸಲ ಯೋಚಿಸುತ್ತೇನೆ. ಮೂಲ ಮಟ್ಟವನ್ನು ಅಳೆಯಬೇಕಾದಾಗ ಹಳೆಯ ಮೈಕ್ರೋಡಯಾಲಿಸಿಸ್ ಪಂಪನ್ನೇ ಮತ್ತೆ ಹೊರತೆಗೆಯುತ್ತೇನೆ.